ಹುಳದ ಮಾತ್ರೆ ಕೊಡ್ತಿದ್ದೀರಿ ಸರಿ, ಕಟ್ಟಡ ಕೂಲಿಯವರ ಶೆಡ್ಡಿನ ಮಕ್ಕಳಿಗೆ ಕಕ್ಕಸು ಯಾವಾಗ? ಬೆಂಗಳೂರಿನ ಅಧಿಕಾರಿಗಳಿಗೆ, ಬಿಲ್ಡರ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಆರೋಗ್ಯಾಧಿಕಾರಿಗಳಿಗೆ, ಈಗ ಐದು ಪಾಲಿಕೆ ಆಗಿರೋ ಈ ಊರನ್ನ ನಡೆಸ್ತಿರೋ ಎಲ್ಲಾ ಸಾಹೇಬರಿಗೆ, ಮೇಡಂಗಳಿಗೆ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿಸ್ತಿರೋ ಬಿಲ್ಡರ್‌ಗಳಿಗೆ, ಮತ್ತೆ ನನ್ನ ಹಾಗೇ ಮಕ್ಕಳನ್ನ ಸಾಕ್ತಿರೋ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ನಾನು ಥಣಿಸಂದ್ರ ಕಡೆ ಒಂದು ಸಣ್ಣ ಲ್ಯಾಬಲ್ಲಿ ಟೆಕ್ನಿಷಿಯನ್, ಹದಿನಾರು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ರಕ್ತ, ಯೂರಿನ್, ಮೋಷನ್ ಎಲ್ಲಾ ನೋಡ್ತೀನಿ. ರಕ್ತಕ್ಕೆ ಈಗ ಮಷೀನ್ ಬಂದಿದೆ, ಟ್ಯೂಬ್ ಇಟ್ರೆ ರಿಪೋರ್ಟ್ ಅದೇ ಕೊಡತ್ತೆ, ಆದ್ರೆ ಮೋಷನ್ ಟೆಸ್ಟ್ ನಮ್ಮಂಥ ಲ್ಯಾಬಲ್ಲಿ ಇನ್ನೂ ಕಣ್ಣಿಂದಾನೇ ನೋಡಬೇಕು. ಸ್ಲೈಡಿನ ಮೇಲೆ ಒಂದು ಕಡೆ ಒಂದು ತೊಟ್ಟು ಸಲೈನ್, ಇನ್ನೊಂದು ಕಡೆ ಒಂದು ತೊಟ್ಟು ಅಯೋಡಿನ್, ಕಡ್ಡಿ ತುದೀಲಿ ಸ್ವಲ್ಪ ತಗೊಂಡು ಎರಡರಲ್ಲೂ ಕಲಸಿ, ಮೇಲೆ ಕವರ್ ಸ್ಲಿಪ್ ಇಟ್ಟು, ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೂ ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ನೋಡ್ತಾ ಹೋಗಬೇಕು. ಇದನ್ನ ಯಾರೂ ಇಷ್ಟಪಟ್ಟು ಮಾಡಲ್ಲ, ಹೊಸದಾಗಿ ಬರೋ ಹುಡುಗ್ರು ಮೂಗು ಮುಚ್ಕೊಂಡು ಎರಡು ನಿಮಿಷ ನೋಡಿ ನಾರ್ಮಲ್ ಅಂತ ಬರೆದುಬಿಡ್ತಾರೆ. ನಾನು ಹಾಗೆ ಬರೆಯಲ್ಲ, ಯಾಕಂದ್ರೆ ಆ ಸ್ಲೈಡಲ್ಲಿ ಏನಿರತ್ತೆ, ಅದು ಒಂದು ಮಗುವಿಗೆ ಏನು ಮಾಡತ್ತೆ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೀನಿ, ಅದನ್ನ ಹೇಳೋಕೇ ಈ ಪತ್ರ.

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ತಾಯಿ ಬಂದ್ರು. ಯಾದಗಿರಿ ಕಡೆಯವರು, ಗಂಡ ಹೆಂಡತಿ ಇಬ್ರೂ ಹತ್ತಿರದ ಒಂದು ಬಿಲ್ಡಿಂಗ್ ಸೈಟಲ್ಲಿ ಕೆಲಸ, ಸೈಟಿನ ಹಿಂದೆ ತಗಡಿನ ಶೆಡ್ಡಲ್ಲಿ ವಾಸ. ಜೊತೆಗೆ ಏಳು ವರ್ಷದ ಮಗಳು. ನೋಡಿದ್ರೆ ಐದು ವರ್ಷ ಅನ್ನಬೇಕು, ಹಾಗಿದ್ಲು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗಡೆ ಪೇಪರ್ ಥರ ಬಿಳಿ. ಡಾಕ್ಟರ್ ಸಿಬಿಸಿ ಅನ್ನೋ ರಕ್ತಪರೀಕ್ಷೆ, ಮೋಷನ್ ಟೆಸ್ಟ್ ಎರಡೂ ಬರೆದಿದ್ರು. ತಾಯಿ ಮೋಷನ್ ಸ್ಯಾಂಪಲ್ಲನ್ನ ಖಾಲಿ ಕ್ರೀಮ್ ಡಬ್ಬಿಲಿ ತಂದಿದ್ರು, ಸೆರಗಲ್ಲಿ ಮುಚ್ಕೊಂಡು, ಕೊಡೋಕೂ ನಾಚಿಕೆ. "ಮಣ್ಣ ತಿಂತಾಳ್ರಿ ಮೇಡಂ, ಎಷ್ಟ ಹೇಳಿದ್ರೂ ಕೇಳಂಗಿಲ್ಲ, ಹೊಡದೀನಿ, ಬಾಯಾಗ ಖಾರ ಹಾಕೀನಿ, ಆದ್ರೂ ಬಿಡಂಗಿಲ್ಲ" ಅಂದ್ರು.

ಹಿಮೋಗ್ಲೋಬಿನ್, ಅದೇ ರಕ್ತದ ಕೆಂಪು ಅಂಶ, 6.4 ಬಂತು. ಆ ವಯಸ್ಸಿಗೆ 11.5 ಮೇಲೆ ಇರಬೇಕು. ನಾನು ಮಷೀನ್ ತಪ್ಪಿರಬಹುದು ಅಂತ ಇನ್ನೊಂದು ಸಲ ಹಾಕಿದೆ, ಅಷ್ಟೇ ಬಂತು. ಆಮೇಲೆ ಸ್ಲೈಡ್ ಇಟ್ಟೆ. ಮೊದಲನೇ ಸಾಲಲ್ಲೇ ಸಿಕ್ತು. ಮೊಟ್ಟೆ ಆಕಾರ, ಗಾಜಿನ ಥರ ತೆಳುವಾದ ಸಿಪ್ಪೆ, ಒಳಗಡೆ ದ್ರಾಕ್ಷಿ ಗೊಂಚಲಿನ ಹಾಗೆ ನಾಲ್ಕೋ ಎಂಟೋ ಗುಂಡು. ಕೊಕ್ಕೆ ಹುಳದ ಮೊಟ್ಟೆ. ಸ್ವಲ್ಪ ಸರಿಸಿದ್ರೆ ಇನ್ನೊಂದು, ಇನ್ನೂ ಸರಿಸಿದ್ರೆ ಎರಡು. ಆ ತಾಯೀನ ಒಳಗೆ ಕರೆದು, ಒಂದು ಕಣ್ಣು ಮುಚ್ಕೊಂಡು ಇಲ್ಲಿ ನೋಡಿ ಅಕ್ಕಾ ಅಂದೆ. ತುಂಬಾ ಹೊತ್ತು ನೋಡಿದ್ರು. "ಇಷ್ಟ ಸಣ್ಣದು ಇರ್ತದೇನ್ರಿ" ಅಂತ ಕೇಳಿ ಸುಮ್ಮನಾದ್ರು, ಆಮೇಲೆ ಮಗಳ ತಲೆ ಮೇಲೆ ಕೈ ಇಟ್ಟು "ಇದಕ್ಕೇನು ಗೊತ್ತು, ನಾನ ಸುಮ್ನ ಹೊಡದೀನಿ" ಅಂದ್ರು.

ಈ ಹುಳ ಏನು ಮಾಡತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೊಕ್ಕೆ ಹುಳ ಒಂದು ಸೆಂಟಿಮೀಟರ್ ಆಸುಪಾಸು ಇರತ್ತೆ, ಸಣ್ಣ ಕರುಳಿನ ಗೋಡೆಗೆ ಕಚ್ಕೊಂಡು ರಕ್ತ ಹೀರತ್ತೆ. ಇದರಲ್ಲಿ ಎರಡು ಜಾತಿ, ಒಂದು ದಿನಕ್ಕೆ 0.03 ಎಂಎಲ್ ಹೀರತ್ತೆ, ಇನ್ನೊಂದು 0.15 ರಿಂದ 0.2 ಎಂಎಲ್. ಕಮ್ಮಿ ಹೀರೋ ಜಾತೀನೇ ಅಂತ ಇಟ್ಕೊಂಡ್ರೂ, ಹೊಟ್ಟೇಲಿ ನೂರು ಹುಳ ಇದ್ರೆ ದಿನಕ್ಕೆ 3 ಎಂಎಲ್. ನಾವು ಸಿಬಿಸಿಗೆ ಅಂತ ನೇರಳೆ ಮುಚ್ಚಳದ ಟ್ಯೂಬಿಗೆ ತಗೊಳ್ಳೋದು ಬರೀ 2 ಎಂಎಲ್, ಅದಕ್ಕೇ ಮಕ್ಕಳು ಲ್ಯಾಬ್ ಕಿತ್ತು ಹೋಗೋ ಹಾಗೆ ಅಳ್ತಾರೆ, ಅಮ್ಮಂದಿರು ಸಾಕು ಬಿಡಿ ಮೇಡಂ ಎಷ್ಟು ತೆಗೀತೀರ ಅಂತ ಜಗಳ ಮಾಡ್ತಾರೆ. ಹುಳ ಅಷ್ಟಿದ್ರೆ ಈ ಮಗು ದಿನಾ ಒಂದು ಟ್ಯೂಬಿಗಿಂತ ಜಾಸ್ತಿ ರಕ್ತ ಕಳ್ಕೊಳ್ತಿತ್ತು, ಯಾರಿಗೂ ಗೊತ್ತಾಗದ ಹಾಗೆ, ತಿಂಗಳುಗಟ್ಟಲೆ. ರಕ್ತ ಕಮ್ಮಿ ಆದ್ರೆ ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನೋ ಆಸೆ ಬರತ್ತೆ, ಎಷ್ಟೋ ಮಕ್ಕಳಲ್ಲಿ ನೋಡಿದ್ದೀನಿ. ಮಣ್ಣು ತಿಂದ್ರೆ ಅದರ ಜೊತೆ ಬೇರೆ ಹುಳದ ಮೊಟ್ಟೆಗಳು ಹೊಟ್ಟೆ ಸೇರತ್ತೆ. ಹೀಗೆ ಒಂದಕ್ಕೊಂದು ಗಂಟು ಬೀಳತ್ತೆ.

ಡಾಕ್ಟರ್ ಹುಳ ಸಾಯಿಸೋ ಆಲ್ಬೆಂಡಜೋಲ್ ಮಾತ್ರೆ ಕೊಟ್ರು, ಐರನ್ ಸಿರಪ್ ಕೊಟ್ರು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 9.8 ಆಯ್ತು, ಹುಡುಗಿ ಲ್ಯಾಬ್ ಮೆಟ್ಟಿಲ ಮೇಲೆ ಕುಣಿದಾಡ್ತಿದ್ಲು, ನನಗೆ ಆ ದಿನ ಪೂರ್ತಿ ಖುಷಿ. ಅದಾಗಿ ಏಳು ತಿಂಗಳಿಗೆ ಮತ್ತೆ ಬಂದ್ಲು. 7.9. ಸ್ಲೈಡಲ್ಲಿ ಮತ್ತೆ ಅದೇ ಮೊಟ್ಟೆ.

ನಾನು ಆ ತಾಯೀನ ಚಪ್ಪಲಿ ಹಾಕಿಸ್ತೀರಾ ಅಂತ ಕೇಳಿದೆ. ಹಾಕಿಸ್ತೀನಿ, ಆಡೋವಾಗ ಬಿಟ್ಟು ಓಡ್ತಾಳೆ ಅಂದ್ರು. ಟಾಯ್ಲೆಟ್ಟಿಗೆ ಎಲ್ಲಿ ಹೋಗ್ತೀರ ಅಂದೆ. "ನಾಕು ಕಕ್ಕಸ ಅವರಿ, ಎರಡಕ್ಕ ಕೀಲಿ ಹಾಕ್ಯಾರ, ಉಳಿದ ಎರಡ್ರಾಗ ನೀರಿಲ್ಲ. ಹುಡುಗ್ರು ಎಲ್ಲಾ ಹಿಂದಿನ ಖಾಲಿ ಸೈಟಿಗೇ ಹೋಗ್ತಾವ." ಸುಮಾರು ಎಂಬತ್ತು ಮನೆ ಇದಾವಂತೆ ಆ ಶೆಡ್ಡಲ್ಲಿ, ಮನೆ ಅಂದ್ರೆ ಹತ್ತಡಿ ತಗಡಿನ ರೂಮು. ಭಾನುವಾರ ನಾನೇ ಹೋಗಿ ನೋಡಿ ಬಂದೆ, ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಖಾಲಿ ಸೈಟಲ್ಲಿ ಹೊಂಗೆ ಮರದ ನೆರಳು, ಮಳೆ ಬಿದ್ದು ಮೆತ್ತಗಾದ ಮಣ್ಣು, ಅಲ್ಲೇ ಮಕ್ಕಳು ಕೂರೋದು, ನಾಲ್ಕು ಮಾರು ಆಚೆ ಅಲ್ಲೇ ಬರಿಗಾಲಲ್ಲಿ ಕ್ರಿಕೆಟ್ ಆಡೋದು. ಕೊಕ್ಕೆ ಹುಳಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾಗಿಲ್ಲ. ಬೆಚ್ಚಗಿರೋ ತೇವದ ನೆರಳಿನ ಮಣ್ಣಲ್ಲಿ ಒಂದೆರಡು ದಿನಕ್ಕೆ ಮೊಟ್ಟೆ ಒಡೆದು ಮರಿ ಬರತ್ತೆ, ಐದರಿಂದ ಹತ್ತು ದಿನಕ್ಕೆ ಅದು ಚರ್ಮ ತೂರೋ ಹಾಗೆ ಬಲಿಯತ್ತೆ, ಬರಿಗಾಲು ಸಿಕ್ಕಿದ್ರೆ ಒಳಗೆ ನುಗ್ಗಿ, ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಏರಿ, ಮಗು ನುಂಗಿದಾಗ ಕರುಳಿಗೆ ಇಳಿಯತ್ತೆ. ಅಂದ್ರೆ ನಾವು ಕೊಟ್ಟ ಮಾತ್ರೆ ಕರುಳಲ್ಲಿರೋ ಹುಳವನ್ನ ಕೊಂದಿತು, ಅದು ತನ್ನ ಕೆಲಸ ಮಾಡ್ತು. ಆ ಮಣ್ಣಿಗೆ ಯಾರೂ ಮಾತ್ರೆ ಕೊಟ್ಟಿಲ್ಲವಲ್ಲ.

ಇದೇ ನಾನು ನಿಮ್ಮ ಮುಂದೆ ಇಡ್ತಿರೋ ಮಾತು.

ಮಾತ್ರೆ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಯಾರೂ ಹಾಗೆ ತಿಳ್ಕೋಬೇಡಿ. 2015ರ ಫೆಬ್ರವರಿಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ ಶುರುವಾಯ್ತು, ಒಂದರಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲಾ ಮಕ್ಕಳಿಗೂ ಸಾಮಾನ್ಯವಾಗಿ ಫೆಬ್ರವರಿ 10, ಆಗಸ್ಟ್ 10ಕ್ಕೆ ಆಲ್ಬೆಂಡಜೋಲ್ 400 ಎಂಜಿ, ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ ಪುಡಿ ಮಾಡಿ. ಅವತ್ತು ತಪ್ಪಿಸ್ಕೊಂಡವರಿಗೆ ಒಂದು ವಾರ ಬಿಟ್ಟು ಮಾಪ್ ಅಪ್ ಡೇ. ಇದು ಒಳ್ಳೆ ಕಾರ್ಯಕ್ರಮ. ಅಂಗನವಾಡಿ ಟೀಚರ್‌ಗಳು, ಆಶಾ ಅಕ್ಕಂದಿರು ಬಿಸಿಲಲ್ಲಿ ಓಡಾಡಿ ಕೊಡ್ತಾರೆ, ಅವರ ಕಷ್ಟ ನನಗೆ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದುಂಡು ಹುಳದ ಮೊಟ್ಟೆ, ಅದೇ ಕಂದು ಬಣ್ಣದ್ದು, ಸುತ್ತ ಹಲಸಿನ ಸಿಪ್ಪೆ ಥರ ಉಬ್ಬುತಗ್ಗು ಇರೋದು, ವಾರಕ್ಕೆ ಎಷ್ಟೋ ನೋಡ್ತಿದ್ದೆ, ಈಗ ಅಷ್ಟು ಕಾಣಲ್ಲ. ಆ ಹುಳ ಒಂದು ಹೆಣ್ಣು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡತ್ತೆ, ಒಂದು ಅಡಿ ಉದ್ದ ಬೆಳೆಯತ್ತೆ, ಉಂಡೆ ಕಟ್ಕೊಂಡ್ರೆ ಮಗುವಿನ ಕರುಳೇ ಮುಚ್ಚಿ ಆಪರೇಷನ್ನಿಗೆ ಹೋಗಬೇಕಾಗತ್ತೆ. ಅಂಥದ್ದು ಕಮ್ಮಿ ಆಗಿರೋದು ಸಣ್ಣ ಮಾತಲ್ಲ.

ಆದ್ರೆ ಮಾತ್ರೆ ಕೊಟ್ಟ ಮಕ್ಕಳ ಲೆಕ್ಕ ಮೇಲಕ್ಕೆ ಕಳಿಸಿದ ಮೇಲೆ ಕೆಲಸ ಮುಗೀತು ಅಂತ ಅಂದ್ಕೊಂಡ್ರೆ ತಪ್ಪಾಗತ್ತೆ. ಬೇರೆ ಬೇರೆ ದೇಶದಲ್ಲಿ ನೋಡಿರೋದೇನಂದ್ರೆ, ನೀರು, ಕಕ್ಕಸು ಸರಿ ಮಾಡದೆ ಬರೀ ಮಾತ್ರೆ ಕೊಟ್ಟ ಕಡೆ ಆರು ತಿಂಗಳಲ್ಲಿ ಸೋಂಕು ಮೊದಲಿದ್ದ ಮಟ್ಟದ ಅರ್ಧಕ್ಕಿಂತ ಜಾಸ್ತಿಗೆ ವಾಪಸ್ ಬರತ್ತೆ. ನಮ್ಮ ದೇಶದ್ದೇ ಒಂದು ದೊಡ್ಡ ಪ್ರಯೋಗ ಇದೆ, ಉತ್ತರ ಪ್ರದೇಶದಲ್ಲಿ ಹತ್ತು ಲಕ್ಷ ಚಿಕ್ಕ ಮಕ್ಕಳ ಮೇಲೆ ಐದು ವರ್ಷ ಮಾಡಿದ್ದು, ಆರು ತಿಂಗಳಿಗೊಂದು ಸಲ ಆಲ್ಬೆಂಡಜೋಲ್ ಕೊಟ್ಟು ನೋಡಿದ್ರು, ಫಲಿತಾಂಶ 2013ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು, ಒಟ್ಟಾರೆ ಮಕ್ಕಳ ತೂಕದಲ್ಲಾಗಲಿ ಸಾವಿನ ಸಂಖ್ಯೆಯಲ್ಲಾಗಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನ ಹಿಡ್ಕೊಂಡು ಮಾತ್ರೆನೇ ದಂಡ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಹುಳ ಇಲ್ಲದ ಮಗು, ನಾಲ್ಕು ಹುಳ ಇರೋ ಮಗು, ನಾನೂರು ಹುಳ ಇರೋ ಮಗು, ಮೂರನ್ನೂ ಸೇರಿಸಿ ಸರಾಸರಿ ತೆಗೆದ್ರೆ ಆ ನಾನೂರರ ಮಗು ಕಾಣಿಸದೇ ಹೋಗತ್ತೆ. ಯಾದಗಿರಿಯ ಆ ಹುಡುಗಿಗೆ 6.4 ಇದ್ದಿದ್ದು 9.8 ಆಗಿದ್ದು ಐರನ್ ಜೊತೆ ಆ ಮಾತ್ರೆಯಿಂದಾನೇ. ಅದು 7.9ಕ್ಕೆ ವಾಪಸ್ ಇಳಿದಿದ್ದು ಕೀಲಿ ಹಾಕಿದ ಕಕ್ಕಸಿಂದ.

ಇನ್ನೊಂದು ವಿಷಯ, ಮಾತ್ರೆ ದಿನ ಈ ಹುಡುಗಿ ಎಲ್ಲಿದ್ಲು? ಸ್ಕೂಲಿಗೆ ಹೋಗಲ್ಲ, ತಮ್ಮನ್ನ ನೋಡ್ಕೋತಾಳೆ. ಅಪ್ಪ ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದ್ರೆ ಸಂಜೆ ಆರಕ್ಕೆ ಬರೋದು. ಯಾವ ಅಂಗನವಾಡಿ ರಿಜಿಸ್ಟರಲ್ಲೂ ಹೆಸರಿಲ್ಲ, ಯಾಕಂದ್ರೆ ಆರು ತಿಂಗಳ ಹಿಂದೆ ಬೇರೆ ಸೈಟಲ್ಲಿದ್ರು, ಇನ್ನಾರು ತಿಂಗಳಿಗೆ ಇನ್ನೆಲ್ಲೋ ಇರ್ತಾರೆ. ಸ್ಕೂಲಿಗೆ ಹೋಗದ ಮಕ್ಕಳಿಗೂ ಕೊಡಬೇಕು ಅಂತ ಕಾರ್ಯಕ್ರಮದಲ್ಲೇ ಇದೆ. ಆದ್ರೆ ಬೆಂಗಳೂರಂಥ ಊರಲ್ಲಿ ಹನ್ನೊಂದು ಗಂಟೆಗೆ ಶೆಡ್ಡಿಗೆ ಹೋದ್ರೆ ಬೀಗ ಹಾಕಿರೋ ತಗಡಿನ ಬಾಗಿಲು ಬಿಟ್ಟು ಏನೂ ಸಿಗಲ್ಲ, ಒಬ್ಬೊಬ್ಬ ಆಶಾ ಅಕ್ಕ ಎಷ್ಟು ಮನೆ ಅಂತ ಸುತ್ತಬೇಕು ಪಾಪ. ಅದಕ್ಕೇ ಮೊದಲನೇ ಬೇಡಿಕೆ, ಮಾಪ್ ಅಪ್ ಡೇನ ಶೆಡ್ಡುಗಳಿಗೆ ಅಂತ ಬೇರೆ ಇಡಿ, ಭಾನುವಾರ ಮಧ್ಯಾಹ್ನದ ಮೇಲೆ ಅಥವಾ ವಾರದ ದಿನ ಸಂಜೆ ಏಳರ ಮೇಲೆ. ಮೇಸ್ತ್ರಿಗೆ ಮುಂಚೆ ಫೋನ್ ಮಾಡಿದ್ರೆ ಅವರೇ ಮಕ್ಕಳನ್ನ ಸೇರಿಸ್ತಾರೆ. ಕನ್ನಡದ ಜೊತೆ ಹಿಂದಿ, ಬೆಂಗಾಲಿ, ತೆಲುಗು ಬರೋರು ಒಬ್ಬೊಬ್ಬರಿದ್ರೆ ಇನ್ನೂ ಒಳ್ಳೇದು. ಹೋದವರ ಕೈಲಿ ಒಂದು ಹಿಮೋಗ್ಲೋಬಿನ್ ಮೀಟರ್ ಇರಲಿ, ಬೆರಳು ಚುಚ್ಚಿ ನೋಡೋಕೆ ಒಂದು ನಿಮಿಷ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ ಬಂದಿದೆ, ಇಡೀ ದೇಶದ ಲೆಕ್ಕ ಅದು. ಎಲ್ಲಾ ಹುಳದಿಂದಾನೇ ಅಂತ ಅಲ್ಲ, ಊಟದಲ್ಲಿ ಕಬ್ಬಿಣದ ಅಂಶ ಇಲ್ಲದಿರೋದೇ ದೊಡ್ಡ ಕಾರಣ. ಆದ್ರೆ ಹುಳ ಇರೋ ಮಗುವಿಗೆ ಬರೀ ಐರನ್ ಸಿರಪ್ ಕೊಡೋದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಈಗ ಬಿಲ್ಡರ್‌ಗಳಿಗೆ. ಸರ್, ನೀವು ಕಟ್ಟೋ ಒಂದೊಂದು ಫ್ಲ್ಯಾಟಲ್ಲಿ ಮೂರು ಮೂರು ಬಾತ್‌ರೂಮ್ ಇರತ್ತೆ, ಅದನ್ನ ಕಟ್ಟೋರ ಮಕ್ಕಳಿಗೆ ಎಂಬತ್ತು ಮನೆಗೆ ಎರಡು ಕಕ್ಕಸು, ಅದರಲ್ಲೂ ನೀರಿಲ್ಲ. ಕಟ್ಟಡ ಕಾರ್ಮಿಕರಿಗೆ ಕುಡಿಯೋ ನೀರು, ಶೌಚಾಲಯ ಕೊಡಬೇಕು, ಐವತ್ತಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡೋ ಕಡೆ ಚಿಕ್ಕ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ 1996ರಲ್ಲೇ ಕಾನೂನಲ್ಲಿ ಬರೆದಿದ್ದು, ಇದು ಯಾರೂ ದಾನ ಮಾಡೋ ವಿಷಯ ಅಲ್ಲ. ಕಟ್ಟೋ ಖರ್ಚಿನ ಮೇಲೆ ಶೇ. 1ರಷ್ಟು ಸೆಸ್ ಕಟ್ತೀರಿ, ಅದೂ ಇದೇ ಜನರ ಕಲ್ಯಾಣಕ್ಕೆ ಅಂತಾನೇ. ಶೆಡ್ಡಿಗೆ ಹತ್ತು ಕಕ್ಕಸು, ಮೇಲೊಂದು ಸಿಂಟೆಕ್ಸ್ ಟ್ಯಾಂಕು, ಕೈ ತೊಳೆಯೋ ಕಡೆ ದಾರಕ್ಕೆ ಕಟ್ಟಿದ ಸೋಪು, ದಿನಾ ತೊಳೆಯೋಕೆ ಒಬ್ಬರು, ಇದು ನಿಮ್ಮ ಪ್ರಾಜೆಕ್ಟಲ್ಲಿ ಒಂದು ಸ್ಯಾಂಪಲ್ ಫ್ಲ್ಯಾಟಿನ ಇಂಟೀರಿಯರ್ ಖರ್ಚೂ ಆಗಲ್ಲ. ಮಕ್ಕಳಿಗೆ ಕೂರೋಕೆ ಚಿಕ್ಕದಾಗಿರೋ ಕಕ್ಕಸು ಒಂದೆರಡು ಮಾಡಿಸಿ, ಕತ್ತಲೆ ಇದ್ರೆ, ಗುಂಡಿ ದೊಡ್ಡದಿದ್ರೆ ಚಿಕ್ಕವು ಹೆದರಿ ಹೋಗಲ್ಲ, ಲೈಟ್ ಹಾಕಿಸಿ. ಗುಂಡಿ ತುಂಬಿದಾಗ ಸಕ್ಕಿಂಗ್ ಲಾರಿಯವನು ಅದನ್ನ ಎಲ್ಲಿ ಸುರೀತಾನೆ ಅಂತಾನೂ ಒಂದು ಸಲ ಕೇಳಿ.

ಮತ್ತೆ ಅಧಿಕಾರಿಗಳಿಗೆ ಎರಡನೇ ಬೇಡಿಕೆ ಇಲ್ಲೇ ಬರತ್ತೆ. ಪ್ಲಾನ್ ಸ್ಯಾಂಕ್ಷನ್ ಮಾಡೋವಾಗ ಸೆಟ್‌ಬ್ಯಾಕ್ ನೋಡ್ತೀರಿ, ಮಳೆನೀರು ಕೊಯ್ಲು ನೋಡ್ತೀರಿ, ಪಾರ್ಕಿಂಗ್ ನೋಡ್ತೀರಿ. ಲೇಬರ್ ಶೆಡ್ ಎಲ್ಲಿ ಬರತ್ತೆ, ಎಷ್ಟು ಜನ, ಎಷ್ಟು ಕಕ್ಕಸು, ಮಲ ಎಲ್ಲಿಗೆ ಹೋಗತ್ತೆ ಅನ್ನೋದನ್ನೂ ಅದೇ ಫೈಲಲ್ಲಿ ಕೇಳಿ. ಫೌಂಡೇಷನ್ ಆದ ಮೇಲೆ ಚೆಕ್ ಮಾಡೋಕೆ ಬರೋ ಇಂಜಿನಿಯರ್ ಹಿಂದಿನ ಶೆಡ್ಡಿಗೂ ಒಂದು ಹತ್ತು ಹೆಜ್ಜೆ ಹೋಗಿ ಕಕ್ಕಸಿನ ಬಾಗಿಲು ತೆಗೆದು, ನಲ್ಲಿ ತಿರುಗಿಸಿ ನೋಡಲಿ. ಕೀಲಿ ಇದ್ರೆ ಕೆಲಸ ನಿಲ್ಲಿಸಿ. ಒಂದು ಕಡೆ ನಿಲ್ಲಿಸಿದ್ರೆ ಸಾಕು, ಉಳಿದವರ ಕೀಲಿ ತಾನಾಗೇ ತೆಗಿಯತ್ತೆ.

ಇಷ್ಟೊತ್ತೂ ಶೆಡ್ಡಿನ ಮಕ್ಕಳ ಬಗ್ಗೆನೇ ಹೇಳಿದೆ ಅಂತ ಫ್ಲ್ಯಾಟಲ್ಲಿರೋ ಅಪ್ಪ ಅಮ್ಮಂದಿರು ಪತ್ರ ಮುಚ್ಚಿಡಬೇಡಿ. ನನ್ನ ಮಗನ ವಿಷಯ ಹೇಳ್ತೀನಿ. ಅವನು ನಾಲ್ಕನೇ ಕ್ಲಾಸು, ಪ್ರೈವೇಟ್ ಸ್ಕೂಲು, ಶೂ ಬಿಟ್ಟು ಕಾಲು ನೆಲಕ್ಕಿಡಲ್ಲ. ರಾತ್ರಿ ನಿದ್ದೆಲಿ ಹೊರಳಾಡೋದು, ಕೆರ್ಕೊಳ್ಳೋದು, ಬೆಳಿಗ್ಗೆ ಎದ್ರೆ ಸಿಡುಕು. ಅವನ ಮಿಸ್ಸು ಕ್ಲಾಸಲ್ಲಿ ತೂಕಡಿಸ್ತಾನೆ, ಕಾನ್ಸಂಟ್ರೇಷನ್ ಇಲ್ಲ ಅಂತ ಡೈರಿಲಿ ಬರೆದ್ರು. ಅತ್ತೆ ಸಿಹಿ ಜಾಸ್ತಿ ತಿಂತಾನೆ ಅದಕ್ಕೇ ಹುಳ ಆಗಿದೆ ಅಂದ್ರು, ಸಿಹಿ ತಿಂದ್ರೆ ಹುಳ ಆಗಲ್ಲ, ಹುಳದ ಮೊಟ್ಟೆ ಬಾಯಿಗೆ ಹೋದ್ರೆ, ಇಲ್ಲಾ ಕೊಕ್ಕೆ ಹುಳದ ಥರ ಮರಿ ಚರ್ಮ ತೂರಿದ್ರೆ ಆಗೋದು, ಆದ್ರೆ ಹುಳ ಅಂತ ಅವರು ಹೇಳಿದ್ದು ಸರಿಯಾಗೇ ಇತ್ತು. ಬೆಳಿಗ್ಗೆ ಎದ್ದ ತಕ್ಷಣ ತೊಳೆಯೋಕೆ ಮುಂಚೆ ಸೆಲ್ಲೋಟೇಪ್ ತುಂಡನ್ನ ಗುದದ ಹತ್ತಿರ ಒತ್ತಿ ತೆಗೆದು ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ತಗೊಂಡು ಹೋದೆ. ದಾರದ ಹುಳದ ಮೊಟ್ಟೆ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು, ಅಂಟಿನ ತುಂಬಾ. ಈ ಹುಳ ರಾತ್ರಿ ಹೊರಗೆ ಬಂದು ಮೊಟ್ಟೆ ಇಡತ್ತೆ, ನವೆ ಬರತ್ತೆ, ಮಗು ಕೆರ್ಕೊಂಡು ಉಗುರು ಕಚ್ಚತ್ತೆ, ಮೊಟ್ಟೆ ಮತ್ತೆ ಒಳಗೆ. ಬೆಡ್‌ಶೀಟು, ಟವಲ್ಲು, ಟೆಡ್ಡಿ ಎಲ್ಲದರ ಮೇಲೂ ಎರಡು ಮೂರು ವಾರ ಬದುಕತ್ತೆ. ಒಬ್ಬರಿಗೆ ಮಾತ್ರೆ ಕೊಟ್ರೆ ಆಗಲ್ಲ, ಮನೆಯವರೆಲ್ಲಾ ಒಂದೇ ದಿನ ತಗೋಬೇಕು, ಎರಡು ವಾರ ಬಿಟ್ಟು ಇನ್ನೊಂದು ಸಲ. ಅವನ ಸ್ಕೂಲಿಂದ ಜಂತುಹುಳು ಮಾತ್ರೆಗೆ ಒಪ್ಪಿಗೆ ಪತ್ರ ಬಂದಾಗ ನಾನು ಮನೇಲೇ ಕೊಡ್ತೀನಿ ಅಂತ ಟಿಕ್ ಮಾಡಿದ್ದೆ, ಆಮೇಲೆ ಕೊಡಲೇ ಇಲ್ಲ. ಬೇರೆಯವರ ಮಕ್ಕಳ ಸ್ಲೈಡ್ ನೋಡ್ತಾ ಕೂತು ನನ್ನ ಮಗನಿಗೆ ಎರಡು ತಿಂಗಳು ನಿದ್ದೆ ಕೆಡಿಸಿದೆ, ಅದು ನನಗೆ ಇವತ್ತಿಗೂ ನೋವೇ. ಪೇರೆಂಟ್ಸ್ ಗ್ರೂಪಲ್ಲಿ ಕೇಳಿದ್ರೆ ಮುಕ್ಕಾಲು ಪಾಲು ಜನ ಹಾಗೇ ಟಿಕ್ ಮಾಡಿದ್ರು, ನಮ್ಮ ಮಕ್ಕಳಿಗೆ ಅದೆಲ್ಲಾ ಯಾಕೆ ಬರತ್ತೆ ಅಂತ.

ಬರತ್ತೆ. ಈಗ ನನ್ನ ಮೈಕ್ರೋಸ್ಕೋಪಲ್ಲಿ ಅಪಾರ್ಟ್‌ಮೆಂಟ್ ಮಕ್ಕಳಲ್ಲಿ ಜಾಸ್ತಿ ಕಾಣೋದು ಜಿಯಾರ್ಡಿಯಾ. ಇದು ಹುಳ ಅಲ್ಲ, ಒಂದೇ ಕಣದ ಜೀವಿ, ನೀರಲ್ಲಿ ಬರತ್ತೆ, ಅಯೋಡಿನ್ ಹಾಕಿದ್ರೆ ಮೊಟ್ಟೆ ಆಕಾರದ ಸಿಸ್ಟ್, ಅಂದ್ರೆ ಗಟ್ಟಿ ಹೊದಿಕೆ ಕಟ್ಕೊಂಡಿರೋ ಅದರ ರೂಪ, ಕಾಣತ್ತೆ. ಮಗುವಿನ ಮೋಷನ್ ಜಿಡ್ಡು ಜಿಡ್ಡಾಗಿ ನೀರಲ್ಲಿ ತೇಲತ್ತೆ, ಕೆಟ್ಟ ವಾಸನೆ, ಹೊಟ್ಟೆ ಉಬ್ಬರ, ಹಾಲು ಕುಡಿದ್ರೆ ಆಗಲ್ಲ, ವಾರಗಟ್ಟಲೆ ಹೀಗೇ ಇದ್ದು ತೂಕ ಏರೋದೇ ಇಲ್ಲ. ಊಟ ಮಾಡಲ್ಲ ಅಂತ ಅಮ್ಮಂದಿರು ಟಾನಿಕ್ ಮೇಲೆ ಟಾನಿಕ್ ಹಾಕ್ತಾರೆ. ಮಾತ್ರೆ ದಿನದ ಆ ಒಂದು ಆಲ್ಬೆಂಡಜೋಲ್ ಇದಕ್ಕೆ ಸಾಕಾಗಲ್ಲ, ಡಾಕ್ಟರ್ ಬೇರೆ ಔಷಧಿ ಬರೀಬೇಕು. ಚಾಟಿ ಹುಳ ಅನ್ನೋ ಇನ್ನೊಂದು ಕರುಳಿನ ಹುಳಕ್ಕೂ ಒಂದು ಡೋಸ್ ಅಷ್ಟಾಗಿ ಕೆಲಸ ಮಾಡಲ್ಲ. ಮತ್ತೆ ಜಿಯಾರ್ಡಿಯಾ ದಿನಾ ಮೋಷನಲ್ಲಿ ಬರಲ್ಲ, ಒಂದು ಸ್ಯಾಂಪಲ್ ನೆಗೆಟಿವ್ ಬಂತು ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ, ಬೇರೆ ಬೇರೆ ದಿನ ಮೂರು ಸ್ಯಾಂಪಲ್ ನೋಡಬೇಕು. ನೀರಿಗೆ ಕ್ಲೋರಿನ್ ಹಾಕಿದ್ರೂ ಈ ಸಿಸ್ಟ್ ಬ್ಯಾಕ್ಟೀರಿಯಾ ಥರ ಬೇಗ ಸಾಯಲ್ಲ, ಚೆನ್ನಾಗಿ ಕುದಿಸಿದ್ರೆ ಸಾಯತ್ತೆ. 2024ರ ಬೇಸಿಗೇಲಿ ನೀರಿಲ್ಲದೆ ಎಲ್ಲಾ ಟ್ಯಾಂಕರ್ ಹಿಂದೆ ಓಡಿದ್ವಲ್ಲ, ಆ ನೀರು ಎಲ್ಲಿಂದ ಬಂತು ಅಂತ ಯಾರು ಕೇಳಿದ್ರು? ಸಂಪು ತೊಳೆಸಿ ಎಷ್ಟು ವರ್ಷ ಆಯ್ತು ಅಂತ ನಿಮ್ಮ ಅಸೋಸಿಯೇಷನ್ನಲ್ಲಿ ಇವತ್ತೇ ಕೇಳಿ. ಕೋವಿಡ್ ಆದಾಗಿಂದ ಎಲ್ಲರ ಬ್ಯಾಗಲ್ಲೂ ಸ್ಯಾನಿಟೈಜರ್ ಇದೆ, ಹುಳದ ಮೊಟ್ಟೆ, ಸಿಸ್ಟ್ ಇವಕ್ಕೆ ಅದರಿಂದ ಏನೂ ಆಗಲ್ಲ, ಸೋಪು ಹಾಕಿ ಉಜ್ಜಿ ನೀರಲ್ಲಿ ತೊಳೆದ್ರೆ ಮಾತ್ರ ಕೈಯಿಂದ ಹೋಗೋದು.

ಸೊಪ್ಪಿನ ವಿಷಯ ಒಂದು ಮಾತು. ನಾವು ಶುದ್ಧ ಸಸ್ಯಾಹಾರಿಗಳು, ನಮಗೆ ಲಾಡಿ ಹುಳ ಹೇಗೆ ಬರತ್ತೆ ಅಂತ ಕೇಳ್ತಾರೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಲ್ಲಿ ಹುಳ ಬೆಳೆಯೋದು ಹೌದು, ಆದ್ರೆ ಅವರ ಮಲದಲ್ಲಿ ಬಂದ ಮೊಟ್ಟೆ ಚರಂಡಿ ನೀರು ಸೇರಿ, ಆ ನೀರಲ್ಲಿ ಬೆಳೆದ ಕೊತ್ತಂಬರಿ, ದಂಟು, ಮೂಲಂಗಿ ಮೂಲಕ ಯಾರ ಹೊಟ್ಟೆಗಾದ್ರೂ ಹೋಗಬಹುದು. ಆ ಮೊಟ್ಟೆಯ ಮರಿ ಮೆದುಳಿಗೆ ಹೋಗಿ ಕೂತ್ರೆ ಫಿಟ್ಸ್. ನಿಮ್ಹಾನ್ಸ್ ಇರೋ ಊರು ನಮ್ಮದು, ಅಲ್ಲಿನ ಡಾಕ್ಟರ್‌ಗಳನ್ನ ಕೇಳಿ ನೋಡಿ, ನಮ್ಮ ದೇಶದಲ್ಲಿ ಫಿಟ್ಸ್ ಬರೋಕೆ ಇರೋ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕೊಳಚೆ ನೀರು ಎಲ್ಲೋ ಹರಿದು ಹೋಗಿಬಿಡ್ತು ಅಂತ ನಾವು ಅಂದ್ಕೊಳ್ತೀವಿ, ಅದು ಸೊಪ್ಪಿನ ಕಂತೆ ಆಗಿ ಬೆಳಿಗ್ಗೆ ತಳ್ಳುಗಾಡಿಲಿ ವಾಪಸ್ ನಮ್ಮ ಬಾಗಿಲಿಗೇ ಬರಬಹುದು. ಸೊಪ್ಪನ್ನ ಬಿಡಿಸಿ ಮೂರು ನೀರಲ್ಲಿ ತೊಳೀರಿ, ಹಸಿ ತಿನ್ನೋದಾದ್ರೆ ಇನ್ನೂ ಹುಷಾರಾಗಿ.

ಮೂರನೇ ಬೇಡಿಕೆ ನನ್ನ ಕೆಲಸದ್ದೇ. ವಾರ್ಡಿಗೊಂದು ಅಂತ ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಬಂದ್ವು, ಜನ ಹೋಗ್ತಾರೆ, ಒಳ್ಳೇದಾಯ್ತು. ಅಲ್ಲಿ ರಕ್ತ ಕಮ್ಮಿ ಇರೋ, ತೂಕ ಏರದೇ ಇರೋ, ಮಣ್ಣು ತಿನ್ನೋ ಪ್ರತಿ ಮಗುವಿಗೂ ಮೋಷನ್ ಟೆಸ್ಟ್ ಬರೆಯೋ ಹಾಗೆ ಮಾಡಿ, ದುಡ್ಡಿಲ್ಲದೆ. ನಮ್ಮ ಲ್ಯಾಬಲ್ಲಿ 120 ರೂಪಾಯಿ, ಜೊತೆಗೆ ತಾಯಿಯ ಒಂದು ದಿನದ ಕೂಲಿ ಹೋಗತ್ತೆ, ಮೂರು ಸ್ಯಾಂಪಲ್ ಅಂದ್ರೆ ಮೂರು ದಿನ, ಯಾರು ತರ್ತಾರೆ? ಸೈಟ್ ಹತ್ತಿರಾನೇ ಸ್ಯಾಂಪಲ್ ತಗೊಂಡು ಬೇಗ ಲ್ಯಾಬಿಗೆ ಮುಟ್ಟಿಸೋ ವ್ಯವಸ್ಥೆ ಇರಲಿ, ಆಮಶಂಕೆ ತರೋ ಅಮೀಬಾ ಅನ್ನೋ ಜೀವಿ ಸ್ಯಾಂಪಲ್ ಬಿಸಿ ಆರೋಕೆ ಮುಂಚೆ, ಅರ್ಧ ಗಂಟೆಲಿ ನೋಡಿದ್ರೇ ಓಡಾಡೋದು ಕಾಣೋದು, ಸಂಜೆ ನೋಡಿದ್ರೆ ಸತ್ತು ಕರಗಿ ಹೋಗಿರತ್ತೆ. ಸ್ಕೂಲುಗಳ ಕೈ ತೊಳೆಯೋ ಜಾಗಕ್ಕೆ ಸೋಪಿನ ದುಡ್ಡು ಅಂತ ಬೇರೆಯಾಗಿ ಕೊಡಿ, ಎಷ್ಟೋ ಕಡೆ ನಲ್ಲಿ ಇದೆ, ಸೋಪಿಲ್ಲ. ಮಧ್ಯಾಹ್ನದ ಊಟ ಕೊಡ್ತೀರಿ, ಕ್ಷೀರಭಾಗ್ಯದ ಹಾಲು ಕೊಡ್ತೀರಿ, ಮೊಟ್ಟೆ ಕೊಡ್ತೀರಿ, ಅದೆಲ್ಲಾ ಮಗುವಿನ ಮೈಗೆ ಹತ್ತಬೇಕಾದ್ರೆ ತಟ್ಟೆ ಹಿಡಿಯೋ ಕೈಗೆ ಮೊದಲು ಸೋಪು ಸಿಗಬೇಕು.

ಮಾತ್ರೆ ತಿಂದು ಮಕ್ಕಳು ವಾಂತಿ ಮಾಡ್ಕೊಂಡ್ರು ಅಂತ ಒಂದೊಂದು ಸಲ ಸುದ್ದಿ ಬರತ್ತಲ್ಲ, ಅದಕ್ಕೆ ಹೆದರೋ ತಾಯಂದಿರಿಗೆ. ಹೊಟ್ಟೆ ತುಂಬಾ ಹುಳ ಇರೋ ಮಗುವಿಗೆ ಅವು ಸಾಯೋವಾಗ ಸ್ವಲ್ಪ ಹೊಟ್ಟೆ ನೋವು, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಸ್ವಲ್ಪ ಹೊತ್ತಲ್ಲಿ ಹೋಗತ್ತೆ. ನೀರು ಕುಡಿಸಿ ಮಲಗಿಸಿ, ಜಾಸ್ತಿ ಆದ್ರೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಮಾತ್ರೆನ ಚೆನ್ನಾಗಿ ಅಗಿದು ನುಂಗಬೇಕು, ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ, ಇಡೀ ಮಾತ್ರೆ ಹಾಗೇ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕೊಳ್ಳತ್ತೆ. ಅವತ್ತು ಜ್ವರ ಇದ್ರೆ ಬಿಟ್ಟು ಮುಂದಿನ ವಾರ ಕೊಡಿಸಿ. ಇನ್ನು ಟೀಚರ್‌ಗಳಲ್ಲಿ ಒಂದೇ ಒಂದು ವಿನಂತಿ, ಹಿಂದಿನ ಬೆಂಚಲ್ಲಿ ತೂಕಡಿಸೋ ಮಗೂನ ದಡ್ಡ, ಸೋಮಾರಿ ಅಂತ ಬೈಯೋಕೆ ಮುಂಚೆ ಅದರ ಕಣ್ಣಿನ ಕೆಳರೆಪ್ಪೆ ಒಂದು ಸಲ ನೋಡಿ. ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣದ ರಾಜ್ಯಗಳ ಬಡವರನ್ನ ಹುಟ್ಟು ಸೋಮಾರಿಗಳು ಅಂತಾನೇ ಕರೀತಿದ್ರು, 1909ರಲ್ಲಿ ರಾಕ್‌ಫೆಲರ್ ದುಡ್ಡಲ್ಲಿ ಶುರುವಾದ ಕಾರ್ಯಕ್ರಮದವರು ಹೋಗಿ ಪರೀಕ್ಷೆ ಮಾಡಿದ್ರೆ ಮಕ್ಕಳಲ್ಲಿ ನೂರಕ್ಕೆ ನಲವತ್ತರಷ್ಟು ಜನಕ್ಕೆ ಇದೇ ಕೊಕ್ಕೆ ಹುಳ. ಅವರು ಔಷಧಿ ಕೊಡೋದರ ಜೊತೆ ಊರೂರಿಗೆ ಹೋಗಿ ಕಕ್ಕಸು ಕಟ್ಟಿಸಿ ಅಂತ ಹೇಳ್ತಾ ಬಂದ್ರು.

ಶೆಡ್ಡುಗಳಿಗೆ ಹೋಗೋಕೆ ಜನ ಇಲ್ಲ ಅಂದ್ರೆ ಹೇಳಿ, ನನಗೆ ಭಾನುವಾರ ರಜ, ನಾನು ಬರ್ತೀನಿ, ನನ್ನ ಜೊತೆ ಓದಿದ ಟೆಕ್ನಿಷಿಯನ್‌ಗಳು ನಾಲ್ಕೈದು ಜನ ಬರ್ತೀವಿ ಅಂದಿದ್ದಾರೆ. ಒಂದು ಟೇಬಲ್ಲು, ಕರೆಂಟು, ಒಂದು ಮೈಕ್ರೋಸ್ಕೋಪ್ ಕೊಟ್ರೆ ಅಲ್ಲೇ ಕೂತು ಸ್ಲೈಡ್ ನೋಡಿ ರಿಪೋರ್ಟ್ ಬರೆದು ಕೊಡ್ತೀವಿ.

ಆ ಹುಡುಗಿಗೆ ಎರಡನೇ ಸಲ ಮಾತ್ರೆ ಕೊಟ್ಟು ಮೂರು ವಾರ ಆಯ್ತು. ಮುಂದಿನ ಸ್ಯಾಂಪಲ್ಲಿಗೆ ಅಂತ ಬಿಳಿ ಮುಚ್ಚಳದ ಡಬ್ಬಿ, ಜೊತೆಗೆ ಒಂದು ಜೊತೆ ಚಪ್ಪಲಿ ಕೊಟ್ಟು ಕಳಿಸಿದ್ದೀನಿ. ಹೋದ ಭಾನುವಾರ ಮತ್ತೆ ಆ ಕಡೆ ಹೋಗಿದ್ದೆ. ಎರಡು ಕಕ್ಕಸಿಗೆ ಇನ್ನೂ ಕೀಲಿ ಹಾಕೇ ಇದೆ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಅಮ್ಮ
ಥಣಿಸಂದ್ರ, ಬೆಂಗಳೂರು